ತಡವಾಗಿ ಬಂದ ಪಾಸ್‌ಪೋರ್ಟ್: ರಫಿನ್ಯಾ ಹತ್ತಿದ ಮೆಟ್ಟಿಲುಗಳು

2021ರ ಜುಲೈ 11ರ ರಾತ್ರಿ ಲಂಡನ್ನಿನ ವೆಂಬ್ಲಿಯಲ್ಲಿ ಇಟಲಿ ತಂಡ ಇಂಗ್ಲೆಂಡನ್ನು ಪೆನಾಲ್ಟಿಯಲ್ಲಿ ಸೋಲಿಸಿ ಯೂರೋ ಕಪ್ ಎತ್ತಿತು. ಆ ಇಟಲಿ ತಂಡದಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದ ಮೂವರಿದ್ದರು. ಜೊರ್ಜಿನ್ಯೊ, ಎಮರ್ಸನ್, ಟೊಲೊಯ್. ನಾಲ್ಕನೆಯವನೂ ಇರಬಹುದಿತ್ತು. ಅವನಿಗೂ ಕರೆ ಹೋಗಿತ್ತು, ಅವನೂ ಹೂಂ ಅನ್ನುವ ಹಂತಕ್ಕೆ ಬಂದಿದ್ದ. ಆದರೆ ಇಟಲಿಯ ಪಾಸ್‌ಪೋರ್ಟ್ ಸರಿಯಾದ ಹೊತ್ತಿಗೆ ಕೈಸೇರಲಿಲ್ಲ. 2025ರಲ್ಲಿ ಒಂದು ಸಂದರ್ಶನದಲ್ಲಿ ಅವನೇ ಇದನ್ನು ಹೇಳಿಕೊಂಡ. ಬಾರದೆ ಇದ್ದದ್ದೇ ಪುಣ್ಯ ಎನ್ನುವ ಧಾಟಿ ಅವನ ಮಾತಿನಲ್ಲಿತ್ತು. ಯಾಕೆಂದರೆ ಮೂರೇ ತಿಂಗಳಲ್ಲಿ, ಅಕ್ಟೋಬರ್ 7ರಂದು, ಅವನು ವೆನೆಜುವೆಲಾ ವಿರುದ್ಧ ಬ್ರೆಜಿಲ್‌ನ ಹಳದಿ ಜರ್ಸಿ ಹಾಕಿ ಮೈದಾನಕ್ಕೆ ಇಳಿದಿದ್ದ.

ಅವನೇ ರಫಿನ್ಯಾ. ಈಗ ಬಾರ್ಸಿಲೋನಾದ ಆಟಗಾರ.

ಬ್ರೆಜಿಲ್ ಆಟಗಾರರ ಬಗ್ಗೆ ನಮ್ಮಲ್ಲಿ ಬರುವ ಬರಹಗಳೆಲ್ಲ ಸಾಮಾನ್ಯವಾಗಿ ಕಾಲಿನ ಬಗ್ಗೆ. ಡ್ರಿಬಲ್, ಸಾಂಬಾ, ಬೀದಿಯಲ್ಲಿ ಬರಿಗಾಲಲ್ಲಿ ಆಡಿದ ಬಾಲ್ಯ. ಅದೆಲ್ಲ ಸುಳ್ಳಲ್ಲ. ಆದರೆ ಒಬ್ಬ ಆಟಗಾರ ಬ್ರೆಜಿಲ್ ಬಿಟ್ಟು ಮೊದಲು ಪೋರ್ಚುಗಲ್‌ಗೆ ಯಾಕೆ ಹೋಗುತ್ತಾನೆ? ಅಲ್ಲಿಂದ ಫ್ರಾನ್ಸ್, ಆಮೇಲೆ ಇಂಗ್ಲೆಂಡ್, ಕೊನೆಗೆ ಸ್ಪೇನ್, ಈ ಕ್ರಮ ಯಾಕೆ? ಕೋಟಿಗಟ್ಟಲೆ ಹಣ ಯಾರ ಜೇಬಿಗೆ ಹೋಗುತ್ತದೆ? ಇದಕ್ಕೆ ಉತ್ತರ ಕಾಲಿನಲ್ಲಿ ಅರ್ಧ, ಕಾಗದಪತ್ರದಲ್ಲಿ ಅರ್ಧ. ಆ ಕಾಗದಪತ್ರದ ಅರ್ಧವನ್ನು ಬಿಡಿಸಿ ನೋಡಲು ರಫಿನ್ಯಾನಷ್ಟು ಒಳ್ಳೆಯ ಉದಾಹರಣೆ ನನಗೆ ಕಾಣಲಿಲ್ಲ. ಅವನು ಒಂದೇ ನೆಗೆತಕ್ಕೆ ಮೇಲೆ ಹೋದವನಲ್ಲ. ಒಂದೊಂದೇ ಮೆಟ್ಟಿಲು ಹತ್ತಿದವನು.

ಮೊದಲು ಹೆಸರು. ದಾಖಲೆಯಲ್ಲಿ ಅವನು ರಫಾಯೆಲ್ ಡಿಯಾಸ್ ಬೆಲ್ಲೊಲಿ. ರಫಿನ್ಯಾ ಅಂದರೆ 'ಪುಟ್ಟ ರಫ' ಎಂದು ಮುದ್ದಿನಿಂದ ಕರೆಯುವುದು. ಪೋರ್ಚುಗೀಸ್‌ನಲ್ಲಿ 'ಇನ್ಯೊ', 'ಇನ್ಯಾ' ಎಂದು ಬಾಲ ಹಚ್ಚಿದರೆ ಚಿಕ್ಕದು, ಮುದ್ದಿನದು ಎಂದರ್ಥ. ರೊನಾಲ್ಡಿನ್ಯೊ, ಫರ್ನಾಂಡಿನ್ಯೊ ಎಲ್ಲ ಹೀಗೇ ಆದವರು. ಇನ್ನೊಂದು ತಮಾಷೆ ಏನೆಂದರೆ, ಬ್ರೆಜಿಲ್‌ನಲ್ಲಿ ಪದದ ಮೊದಲಿಗೆ ಬರುವ 'ರ' ಹೆಚ್ಚಾಗಿ 'ಹ' ಎಂದೇ ಕೇಳಿಸುತ್ತದೆ. ಹಾಗಾಗಿ ಊರಲ್ಲಿ ಅವನು 'ಹಫಿನ್ಯಾ'. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲು ಆಗಲಿಲ್ಲವೇ? ಅವರಲ್ಲಿ ಆ ಪಾಡು 'ರ'ಕಾರಕ್ಕೆ.

ಕೊನೆಯ ಹೆಸರು ಬೆಲ್ಲೊಲಿ ಮಾತ್ರ ಇಟಲಿಯದು. ಅದರಲ್ಲಿ ಒಂದು ಇತಿಹಾಸವೇ ಇದೆ. ಅವನು ಹುಟ್ಟಿದ್ದು 1996ರ ಡಿಸೆಂಬರ್ 14ರಂದು, ಬ್ರೆಜಿಲ್‌ನ ದಕ್ಷಿಣದ ತುದಿಯ ರಾಜ್ಯ ರಿಯೊ ಗ್ರಾಂಡೆ ಡೊ ಸುಲ್‌ನ ರಾಜಧಾನಿ ಪೊರ್ಟೊ ಅಲೆಗ್ರೆಯಲ್ಲಿ. 1870ರ ದಶಕದಿಂದ ಆ ಭಾಗಕ್ಕೆ ಇಟಲಿಯ ಬಡ ರೈತರು ಹಡಗು ಹತ್ತಿ ಬಂದರು. ಕಾಡು ಕಡಿದು ದ್ರಾಕ್ಷಿ ಬೆಳೆದರು. ಈಗಲೂ ಅಲ್ಲಿ ಇಟಲಿಯ ಹೆಸರಿನ ಮನೆತನಗಳು ಬೇಕಾದಷ್ಟಿವೆ. ಆ ರೈತರು ದಾಟಿ ಬಂದ ಸಮುದ್ರವನ್ನು ಅವರ ಮರಿಮಕ್ಕಳು ವಾಪಸ್ ದಾಟುವಾಗ ಆ ಹೆಸರೇ ಚೀಟಿಯಾಗುತ್ತದೆ. ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಅವನು ಬೆಳೆದ ರೆಸ್ಟಿಂಗಾ, ನಗರದ ದಕ್ಷಿಣದ ಅಂಚಿನ ಬಡವರ ಬಡಾವಣೆ. ಅಲ್ಲಿ ಆಡಿದ್ದು 'ವಾರ್ಜಿಯಾ' ಫುಟ್‌ಬಾಲ್. ವಾರ್ಜಿಯಾ ಅಂದರೆ ನೆರೆ ಬಂದರೆ ಮುಳುಗುವ ಹೊಳೆಬಯಲು. ಒಂದು ಕಾಲದಲ್ಲಿ ಅಂಥ ಬಯಲುಗಳಲ್ಲಿ ಭಾನುವಾರ ಆಡುತ್ತಿದ್ದ ಹವ್ಯಾಸಿಗಳ ಆಟಕ್ಕೆ ಆ ಹೆಸರು ಅಂಟಿಕೊಂಡಿತು. ಒಡ್ಡೊಡ್ಡು ನೆಲ, ದೊಡ್ಡ ಗಂಡಸರು, ಒರಟು ಟ್ಯಾಕಲ್. ಆ ಮಣ್ಣಿನಲ್ಲಿ ಆಡಿದ ಹುಡುಗನಿಗೆ ಮುಂದೆ ಇಂಗ್ಲೆಂಡಿನ ಡಿಫೆಂಡರ್‌ಗಳು ಹೆದರಿಕೆ ಹುಟ್ಟಿಸಲಿಲ್ಲ. ಪೊರ್ಟೊ ಅಲೆಗ್ರೆಯಲ್ಲಿ ಗ್ರೆಮಿಯೊ, ಇಂಟರ್‌ನ್ಯಾಷನಲ್ ಎಂಬ ಎರಡು ದೊಡ್ಡ ಕ್ಲಬ್‌ಗಳಿವೆ. ರೊನಾಲ್ಡಿನ್ಯೊ ಬಂದದ್ದು ಗ್ರೆಮಿಯೊದಿಂದ. ರಫಿನ್ಯಾ ಮಾತ್ರ ಬೆಳೆದದ್ದು ಪಕ್ಕದ ರಾಜ್ಯದ ಫ್ಲೊರಿಯಾನೊಪೊಲಿಸ್‌ನಲ್ಲಿ, ಅವಾಯ್ ಎಂಬ ಅಷ್ಟೇನೂ ದೊಡ್ಡದಲ್ಲದ ಕ್ಲಬ್ಬಿನಲ್ಲಿ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಕ್ರಿಕೆಟ್ ನೋಡಿ ಬೆಳೆದ ನಮಗೆ ಒಂದು ಗೊಂದಲ ಆಗಿಯೇ ಆಗುತ್ತದೆ. ಐಪಿಎಲ್ ಹರಾಜಿನಲ್ಲಿ ಒಬ್ಬ ಆಟಗಾರ 10 ಕೋಟಿಗೆ ಹೋದ ಅಂದರೆ ಆ 10 ಕೋಟಿ ಅವನ ಸಂಬಳ. ಫುಟ್‌ಬಾಲ್‌ನಲ್ಲಿ ಹಾಗಲ್ಲ. ಒಬ್ಬ ಆಟಗಾರ 5 ಕೋಟಿ ಯೂರೋಗೆ ಹೋದ ಅಂದರೆ ಆ ಹಣ ಹೋಗುವುದು ಅವನ ಹಳೆಯ ಕ್ಲಬ್ಬಿಗೆ. ಅವನ ಕರಾರು ಇನ್ನೂ ಮುಗಿದಿಲ್ಲ. ಅದನ್ನು ನಡುವೆ ಮುರಿದುಕೊಳ್ಳಲು ಹೊಸ ಕ್ಲಬ್ ಹಳೆಯ ಕ್ಲಬ್ಬಿಗೆ ಕೊಡುವ ಪರಿಹಾರ ಅದು. ಆಟಗಾರನ ಸಂಬಳ ಬೇರೆ. ಹೊಸ ಕ್ಲಬ್ಬಿನ ಜೊತೆ ಕೂತು ಬೇರೆಯೇ ಮಾತಾಡಬೇಕು. ಕರಾರಿನ ಅವಧಿ ಪೂರ್ತಿ ಮುಗಿದಿದ್ದರೆ ಈ ಪರಿಹಾರ, ಅಂದರೆ ಟ್ರಾನ್ಸ್‌ಫರ್ ಫೀ, ಸೊನ್ನೆ; ಆಟಗಾರ ಬಿಟ್ಟಿಯಾಗಿ ಹೊರಟು ಹೋಗಬಹುದು.

ಈ ಕೊನೆಯ ಸಾಲು ಇವತ್ತು ಸಹಜವಾಗಿ ಕೇಳಿಸುತ್ತದೆ. ಮೊದಲು ಹಾಗಿರಲಿಲ್ಲ. ಬ್ರೆಜಿಲ್‌ನಲ್ಲಿ 'ಪಾಸ್ಸೆ' ಎಂಬ ಪದ್ಧತಿ ಇತ್ತು. ಕರಾರು ಮುಗಿದರೂ ಆಟಗಾರನ ಹಕ್ಕು ಕ್ಲಬ್ಬಿನ ಹತ್ತಿರವೇ. ಅವರು ಬಿಟ್ಟರೆ ಉಂಟು, ಬಿಡದಿದ್ದರೆ ಮನೆಯಲ್ಲಿ ಕೂರಬೇಕು. ಜೀತಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ನನಗಂತೂ ಕಾಣುವುದಿಲ್ಲ. ಇದನ್ನು ಮುರಿದ ಕಾನೂನು ಬಂದದ್ದು 1998ರಲ್ಲಿ. ಅದಕ್ಕೆ 'ಪೆಲೆ ಕಾನೂನು' ಎಂದೇ ಹೆಸರು, ಯಾಕೆಂದರೆ ಆಗ ಬ್ರೆಜಿಲ್‌ನ ಕ್ರೀಡಾ ಮಂತ್ರಿಯಾಗಿದ್ದವರು ಸ್ವತಃ ಪೆಲೆ. ಪಾಸ್ಸೆ ಪೂರ್ತಿ ಹೋದದ್ದು 2001ರಲ್ಲಿ.

ಯುರೋಪಿನಲ್ಲೂ ಅದೇ ಹೊತ್ತಿಗೆ ಒಂದು ಗೋಡೆ ಬಿದ್ದಿತ್ತು. 1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಬೆಲ್ಜಿಯಂನ ಬೊಸ್ಮನ್ ಎಂಬ ಆಟಗಾರನ ಕೇಸಿನಲ್ಲಿ ತೀರ್ಪು ಕೊಟ್ಟಿತು. ಯುರೋಪಿಯನ್ ಯೂನಿಯನ್‌ನ ಪ್ರಜೆಯಾದವನು ಕರಾರು ಮುಗಿದ ಮೇಲೆ ಬಿಟ್ಟಿಯಾಗಿ ಹೋಗಬಹುದು, ಯೂನಿಯನ್ ಒಳಗಿನ ಬೇರೆ ದೇಶದ ಕ್ಲಬ್ಬಿನಲ್ಲಿ ಅವನನ್ನು 'ವಿದೇಶಿ' ಎಂದು ಎಣಿಸುವಂತಿಲ್ಲ. ಮೇಲ್ನೋಟಕ್ಕೆ ಇದು ಯುರೋಪಿನವರ ಒಳಗಿನ ವ್ಯವಹಾರ. ಆದರೆ ಇದರ ಲಾಭ ಬ್ರೆಜಿಲ್‌ಗೂ ಆಯಿತು. ಅಲ್ಲಿಯ ತನಕ ಸ್ಪೇನ್‌ನ ಕ್ಲಬ್ಬಿನಲ್ಲಿ ಒಬ್ಬ ಡಚ್ಚ, ಒಬ್ಬ ಡೇನ್ ಕೂತರೆ ಇದ್ದ ಕೆಲವೇ ವಿದೇಶಿ ಜಾಗಗಳಲ್ಲಿ ಎರಡು ಹೋಗಿಬಿಡುತ್ತಿದ್ದವು. ಅವರನ್ನು ಎಣಿಸುವುದು ನಿಂತ ಮೇಲೆ ಆ ಜಾಗಗಳೆಲ್ಲ ಬ್ರೆಜಿಲ್, ಅರ್ಜೆಂಟೀನಾದವರಿಗೆ ತೆರೆದವು.

ಸರಿ, ಅವಾಯ್‌ನಲ್ಲಿದ್ದ ಹುಡುಗನ ಕಥೆಗೆ ಬರೋಣ. 2016ರಲ್ಲಿ, 19 ವರ್ಷಕ್ಕೆ, ಅವನು ಪೋರ್ಚುಗಲ್‌ನ ವಿಟೋರಿಯಾ ಗಿಮರೈಸ್ ಕ್ಲಬ್ ಸೇರಿದ. ಮೊದಲು ಅಲ್ಲಿನ ಬಿ ತಂಡ, ಆಮೇಲೆ ಮುಖ್ಯ ತಂಡ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಡೆಕೊ. ಈ ಹೆಸರು ನೆನಪಿಟ್ಟುಕೊಳ್ಳಿ. ಬ್ರೆಜಿಲ್‌ನಲ್ಲಿ ಹುಟ್ಟಿ, ಪೋರ್ಚುಗಲ್‌ನ ಪ್ರಜೆಯಾಗಿ, ಅಲ್ಲಿನ ಪೋರ್ಟೊ ಕ್ಲಬ್ ಮತ್ತು ಬಾರ್ಸಿಲೋನಾ ಎರಡಕ್ಕೂ ಚಾಂಪಿಯನ್ಸ್ ಲೀಗ್, ಅಂದರೆ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ, ಗೆದ್ದುಕೊಟ್ಟ ಮಿಡ್‌ಫೀಲ್ಡರ್. ಆಟ ಬಿಟ್ಟ ಮೇಲೆ ಏಜೆಂಟ್ ಆಗಿದ್ದ.

ಯಾಕೆ ಪೋರ್ಚುಗಲ್? ಭಾಷೆ ಒಂದೇ ಎನ್ನುವುದು ಮೊದಲ ಉತ್ತರ, ಅದು ನಿಜವೂ ಹೌದು. 19 ವರ್ಷದ ಹುಡುಗ ಬೇರೆ ಖಂಡಕ್ಕೆ ಹೋದಾಗ ಕೋಚ್ ಬೈದದ್ದು ಅರ್ಥವಾಗುವುದು ಸಣ್ಣ ಸಂಗತಿಯಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಸ್ಪೇನ್‌ನಲ್ಲಿ ಒಂದು ಕ್ಲಬ್ ಯೂನಿಯನ್‌ನ ಹೊರಗಿನವರನ್ನು ಮೂರೇ ಜನ ಇಟ್ಟುಕೊಳ್ಳಬಹುದು. ಫ್ರಾನ್ಸ್‌ನಲ್ಲಿ ನಾಲ್ಕು. ಇಟಲಿಯಲ್ಲಿ ಹೊರಗಿನಿಂದ ವರ್ಷಕ್ಕೆ ಎಷ್ಟು ಜನರನ್ನು ತರಬಹುದು ಎಂಬುದಕ್ಕೆ ಕಟ್ಟುನಿಟ್ಟು. ಪೋರ್ಚುಗಲ್‌ನಲ್ಲಿ ಇಂಥ ಎಣಿಕೆಯ ಕಾಟ ಇಲ್ಲ. ಮೂರೇ ಕುರ್ಚಿ ಇರುವ ಮನೆಯಲ್ಲಿ ಯಾರೂ ಹೆಸರು ಕೇಳದ ಹುಡುಗನಿಗೆ ಕುರ್ಚಿ ಕೊಡುವುದಿಲ್ಲ, ಅಲ್ವಾ? ಪೋರ್ಚುಗಲ್‌ನಲ್ಲಿ ಚಾಪೆ ಹಾಸಿದ್ದಾರೆ, ಬಂದವರೆಲ್ಲ ಕೂರಬಹುದು.

ಅಲ್ಲಿನ ಕ್ಲಬ್‌ಗಳ ವ್ಯಾಪಾರವೂ ಇದೇ. ಬ್ರೆಜಿಲ್, ಅರ್ಜೆಂಟೀನಾ, ಕೊಲಂಬಿಯಾದಿಂದ ಕಡಿಮೆ ಬೆಲೆಗೆ ತರುವುದು, ಯುರೋಪಿನ ಆಟಕ್ಕೆ ಒಗ್ಗಿಸುವುದು, ನಾಲ್ಕಾರು ಪಟ್ಟು ಬೆಲೆಗೆ ಮಾರುವುದು. ಎದೆರ್ ಮಿಲಿಟಾವೊನನ್ನು ನೋಡಿ. 2018ರಲ್ಲಿ ಸಾವೊ ಪಾವ್ಲೊ ಕ್ಲಬ್ಬಿನಿಂದ ಪೋರ್ಟೊಗೆ ಬಂದ. ಒಂದೇ ಸೀಸನ್ ಆಡಿದ. ಮರುವರ್ಷ ರಿಯಲ್ ಮ್ಯಾಡ್ರಿಡ್ 5 ಕೋಟಿ ಯೂರೋ ಕೊಟ್ಟು ಒಯ್ದಿತು. ಅವನನ್ನು ನೇರ ಬ್ರೆಜಿಲ್‌ನಿಂದಲೇ ತಂದಿದ್ದರೆ ಅದರ ಒಂದು ಪಾಲಿನಲ್ಲೇ ಮುಗಿಯುತ್ತಿತ್ತು. ಆದರೂ ದೊಡ್ಡ ಕ್ಲಬ್‌ಗಳು ಸಂತೋಷವಾಗಿಯೇ ಕೊಡುತ್ತವೆ. ಅವರು ಕೊಡುವುದು ಆಟಗಾರನಿಗಷ್ಟೇ ಅಲ್ಲ, 'ಇವನು ಯುರೋಪಿನ ಚಳಿಗೆ, ವೇಗಕ್ಕೆ ನಿಲ್ಲುತ್ತಾನೆ' ಎಂಬ ಖಾತರಿಗೂ.

ಹಾಗಂತ ಎಲ್ಲರೂ ಈ ಮೆಟ್ಟಿಲು ಹತ್ತುವುದಿಲ್ಲ. ಲಿಫ್ಟ್ ಹತ್ತುವವರೂ ಇದ್ದಾರೆ. ವಿನಿಸಿಯಸ್ ಜೂನಿಯರ್‌ಗೆ 16 ವರ್ಷ ಇದ್ದಾಗ, 2017ರ ಮೇ ತಿಂಗಳಲ್ಲಿ, ರಿಯಲ್ ಮ್ಯಾಡ್ರಿಡ್ ಅವನನ್ನು ಫ್ಲಮೆಂಗೊದಿಂದ ಕೊಂಡಿತು. 4.5 ಕೋಟಿ ಯೂರೋ ಎಂದು ಸುದ್ದಿ. ಮುಖ್ಯ ತಂಡಕ್ಕೆ ಆಗತಾನೇ ಕಾಲಿಟ್ಟಿದ್ದ ಹುಡುಗನಿಗೆ! ಆದರೂ ಅವನು ಮ್ಯಾಡ್ರಿಡ್‌ಗೆ ಹೋದದ್ದು 2018ರ ಜುಲೈನಲ್ಲಿ, 18 ತುಂಬಿದ ಮೇಲೆ. ಎಂದ್ರಿಕ್ ಕೂಡ ಅಷ್ಟೇ. 2022ರ ಡಿಸೆಂಬರ್‌ನಲ್ಲಿ ವ್ಯಾಪಾರ ಮುಗಿಯಿತು, ಸ್ಪೇನ್‌ಗೆ ಹೋದದ್ದು 2024ರ ಜುಲೈನಲ್ಲಿ.

ಈ ಕಾಯುವಿಕೆ ಫಿಫಾದ ನಿಯಮ. 18 ತುಂಬದವರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಸೇರಿಸುವಂತಿಲ್ಲ. ವಿನಾಯಿತಿಗಳು ಕೆಲವು ಮಾತ್ರ. ತಂದೆತಾಯಿ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಸರಿ, ಗಡಿಯ ಹತ್ತಿರದ ಊರುಗಳಾಗಿದ್ದರೆ ಸರಿ, ಯೂನಿಯನ್‌ನ ಒಳಗೇ ಆದರೆ 16ಕ್ಕೂ ಸರಿ. ಮೆಸ್ಸಿ 13ಕ್ಕೆ ಬಾರ್ಸಿಲೋನಾಗೆ ಹೋದದ್ದು 2000ನೇ ಇಸವಿಯಲ್ಲಿ. ಈ ಬಿಗಿ ಬಂದದ್ದು ಅದರ ಮರುವರ್ಷ. ನಿಯಮ ಒಳ್ಳೆಯದೇ. ಮೊದಲು ಏಜೆಂಟರು ಹನ್ನೆರಡು ಹದಿಮೂರರ ಮಕ್ಕಳನ್ನು ಕರೆದುಕೊಂಡು ಹೋಗಿ, ಟ್ರಯಲ್ ಪಾಸಾಗದಿದ್ದರೆ ಕೈಬಿಟ್ಟು ಬರುತ್ತಿದ್ದ ಕಥೆಗಳು ಒಂದೆರಡಲ್ಲ.

ರಫಿನ್ಯಾನಿಗೆ ಲಿಫ್ಟ್ ಬಂದಿರಲಿಲ್ಲ. ಗಿಮರೈಸ್‌ನಲ್ಲಿ 2017-18ರ ಲೀಗಿನಲ್ಲಿ 15 ಗೋಲು ಹೊಡೆದ. ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ದಾಳಿ ಮಾಡುವವನಿಗೆ, ಅದೂ ಮಧ್ಯಮ ಕ್ಲಬ್ಬಿನಲ್ಲಿ, ಇದು ಜಾಸ್ತಿಯೇ. 2018ರಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್ 65 ಲಕ್ಷ ಯೂರೋ ಕೊಟ್ಟು ಕರೆಸಿಕೊಂಡಿತು. ಅದು ಸ್ಪೋರ್ಟಿಂಗ್‌ಗೆ ಕೆಟ್ಟ ಕಾಲ. ಅದೇ ವರ್ಷದ ಮೇ ತಿಂಗಳಲ್ಲಿ ಮುಸುಕು ಹಾಕಿದ ಅಭಿಮಾನಿಗಳು ಅಭ್ಯಾಸದ ಮೈದಾನಕ್ಕೆ ನುಗ್ಗಿ ಆಟಗಾರರನ್ನೇ ಹೊಡೆದಿದ್ದರು, ಹಲವರು ಕ್ಲಬ್ ಬಿಟ್ಟು ಹೋಗಿದ್ದರು. ಅಂಥ ಮನೆಗೆ ಬಂದು ಒಂದೇ ಸೀಸನ್ನಿನಲ್ಲಿ ಎರಡು ಕಪ್ ಗೆದ್ದ. 2019ರ ಸೆಪ್ಟೆಂಬರ್‌ನಲ್ಲಿ, ಆಟಗಾರರನ್ನು ಕೊಳ್ಳುವ ಅವಧಿಯ ಬಾಗಿಲು ಮುಚ್ಚುವ ದಿನ, ಫ್ರಾನ್ಸ್‌ನ ರೆನ್ ಅವನನ್ನು ಕೊಂಡಿತು. ಸುಮಾರು 2 ಕೋಟಿ ಯೂರೋ. ಒಂದು ವರ್ಷದಲ್ಲಿ ಬೆಲೆ ಮೂರು ಪಟ್ಟು.

ರೆನ್ ಆ ಸೀಸನ್ನಿನಲ್ಲಿ ಲೀಗಿನಲ್ಲಿ ಮೂರನೇ ಸ್ಥಾನ ಪಡೆದು ಮೊಟ್ಟಮೊದಲ ಬಾರಿಗೆ ಚಾಂಪಿಯನ್ಸ್ ಲೀಗ್‌ಗೆ ಹೋಯಿತು. ಊರೆಲ್ಲ ಸಂಭ್ರಮ. ಆದರೆ ಮೊದಲ ಪಂದ್ಯಕ್ಕೆ ಎರಡು ವಾರ ಇರುವಾಗ, 2020ರ ಅಕ್ಟೋಬರ್ 5ರಂದು, ರಫಿನ್ಯಾ ಇಂಗ್ಲೆಂಡಿನ ಲೀಡ್ಸ್‌ಗೆ ಹೊರಟ. ಚಾಂಪಿಯನ್ಸ್ ಲೀಗ್ ಬಿಟ್ಟು, 16 ವರ್ಷದ ನಂತರ ಆಗತಾನೇ ಮೇಲಿನ ದರ್ಜೆಗೆ ಬಂದ ಕ್ಲಬ್ಬಿಗೆ! ಹೊರಗಿನಿಂದ ನೋಡಿದರೆ ಇದು ಹಿಂದಕ್ಕೆ ಇಟ್ಟ ಹೆಜ್ಜೆ. ನನಗೆ ಇದೇ ಅವನ ಎಲ್ಲ ಮೆಟ್ಟಿಲುಗಳಲ್ಲಿ ಜಾಣತನದ್ದು ಅನ್ನಿಸುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗನ್ನು ಎಲ್ಲರೂ ನೋಡುತ್ತಾರೆ. ಅಲ್ಲಿ 15ನೇ ಸ್ಥಾನದ ಕ್ಲಬ್ಬಿಗೂ ಟಿವಿ ಹಕ್ಕಿನಿಂದ ಬರುವ ಹಣ ಬೇರೆ ದೇಶಗಳ ದೊಡ್ಡ ಕ್ಲಬ್‌ಗಳಿಗೂ ಬರುವುದಿಲ್ಲ. ಅದರ ಮೇಲೆ ಲೀಡ್ಸ್‌ನ ಕೋಚ್ ಮಾರ್ಸೆಲೊ ಬಿಯೆಲ್ಸ. ಓಡಿ ಓಡಿ ಉಸಿರು ಸಿಕ್ಕಿಹಾಕಿಕೊಳ್ಳುವ ತನಕ ಬಿಡದ ಮನುಷ್ಯ. ಬಾಲು ಕಾಲಲ್ಲಿ ಇಲ್ಲದಾಗ ಏನು ಮಾಡಬೇಕು ಎಂಬುದನ್ನು ರಫಿನ್ಯಾ ಕಲಿತದ್ದು ಅಲ್ಲೇ.

ಇನ್ನೊಂದು ಸಂಗತಿ, ಸಮಯದ್ದು. 2021ರ ಜನವರಿ 1ರಿಂದ ಬ್ರಿಟನ್ ಯೂನಿಯನ್‌ನಿಂದ ಪೂರ್ತಿ ಹೊರಬಂದು, ಹೊರಗಿನ ಆಟಗಾರರಿಗೆ ಅಂಕದ ಲೆಕ್ಕ ಶುರುಮಾಡಿತು. ದೇಶದ ತಂಡಕ್ಕೆ ಎಷ್ಟು ಆಡಿದ್ದಾನೆ, ಯಾವ ದರ್ಜೆಯ ಲೀಗಿನಲ್ಲಿ ಎಷ್ಟು ನಿಮಿಷ ಆಡಿದ್ದಾನೆ, ಕ್ಲಬ್ ಎಷ್ಟನೇ ಸ್ಥಾನದಲ್ಲಿದೆ ಎಂದೆಲ್ಲ ಕೂಡಿಸಿ 15 ಅಂಕ ಬಂದರೆ ಪರವಾನಗಿ. ಈಗ ಫ್ರಾನ್ಸ್, ಜರ್ಮನಿಯವರಿಗೂ ಇದೇ ಲೆಕ್ಕ. ಹಾಗಾಗಿ ಇವತ್ತು ಬ್ರೆಜಿಲ್‌ನ ಸಣ್ಣ ಕ್ಲಬ್ಬಿನ ಹುಡುಗ ಇಂಗ್ಲೆಂಡ್‌ಗೆ ಹೋಗಬೇಕಾದರೆ ನಡುವೆ ಯುರೋಪಿನ ಇನ್ನೊಂದು ಲೀಗಿನಲ್ಲಿ ಆಡಿ ಅಂಕ ಕೂಡಿಸಿಕೊಳ್ಳುವುದು ಮೊದಲಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಲೀಡ್ಸ್‌ನ ಎರಡನೇ ಸೀಸನ್ ಕಷ್ಟದ್ದು. ಬಿಯೆಲ್ಸ ನಡುವೆಯೇ ಹೋದ. 2022ರ ಮೇ 22, ಕೊನೆಯ ದಿನ. ಬ್ರೆಂಟ್‌ಫರ್ಡ್‌ನಲ್ಲಿ ಗೆಲ್ಲದಿದ್ದರೆ ಕೆಳದರ್ಜೆಗೆ ಇಳಿಯುವ ಭಯ. ರಫಿನ್ಯಾ ಪೆನಾಲ್ಟಿಯಲ್ಲಿ ಮೊದಲ ಗೋಲು ಹೊಡೆದ. ಲೀಡ್ಸ್ 2-1ರಲ್ಲಿ ಗೆದ್ದು ಉಳಿದುಕೊಂಡಿತು. ಪಂದ್ಯ ಮುಗಿದ ಮೇಲೆ ಅವನು ಮಂಡಿಯೂರಿ, ಮಂಡಿಯಲ್ಲೇ ಮೈದಾನವನ್ನು ದಾಟಿದ. ತಂಡ ಉಳಿದರೆ ಹೀಗೆ ಮಾಡುತ್ತೇನೆ ಅಂದುಕೊಂಡಿದ್ದನಂತೆ. ನಮ್ಮ ಊರಿನವರಿಗೆ ಇದನ್ನು ವಿವರಿಸುವುದೇ ಬೇಡ. ಹರಕೆ.

ಎರಡು ತಿಂಗಳೊಳಗೆ ಅವನು ಬಾರ್ಸಿಲೋನಾದಲ್ಲಿದ್ದ. ಲಂಡನ್ನಿನ ಚೆಲ್ಸಿ ಕ್ಲಬ್ ಲೀಡ್ಸ್ ಜೊತೆ ಬೆಲೆ ಮಾತಾಡಿ ಮುಗಿಸಿತ್ತು. ಆದರೆ ಅವನು ಬಾರ್ಸಿಲೋನಾಗೇ ಕಾದ. ಕ್ಲಬ್‌ಗಳೆರಡು ಒಪ್ಪಿದರೂ ಆಟಗಾರ ಸಹಿ ಹಾಕದಿದ್ದರೆ ಏನೂ ನಡೆಯುವುದಿಲ್ಲ ಎಂಬುದಕ್ಕೆ ಇದು ಚೆನ್ನಾದ ಸಾಕ್ಷಿ. ಕೊನೆಗೆ ಬಾರ್ಸಿಲೋನಾ 5.8 ಕೋಟಿ ಯೂರೋ ಕೊಟ್ಟಿತು ಎಂದು ಪತ್ರಿಕೆಗಳು ಬರೆದವು. ಮೇಲೆ ಬೋನಸ್ ಬೇರೆ.

ಈ 5.8 ಕೋಟಿಯನ್ನು ಹಿಡಿದುಕೊಂಡು ಈಗ ನನಗೆ ತುಂಬಾ ಇಷ್ಟವಾದ ನಿಯಮಕ್ಕೆ ಬರುತ್ತೇನೆ. ಈ ಹಣವೆಲ್ಲ ಲೀಡ್ಸ್‌ಗೆ ಹೋಗುವುದಿಲ್ಲ. ಒಬ್ಬ ಆಟಗಾರ ಒಂದು ದೇಶದಿಂದ ಇನ್ನೊಂದಕ್ಕೆ ಮಾರಾಟವಾದಾಗ, ಫೀಯಲ್ಲಿ 5 ಶೇಕಡ ಎತ್ತಿಟ್ಟು ಅವನನ್ನು ಬೆಳೆಸಿದ ಕ್ಲಬ್‌ಗಳಿಗೆಲ್ಲ ಹಂಚಬೇಕು. 12ನೇ ವಯಸ್ಸಿನಿಂದ 23ರ ತನಕ ಯಾರ್ಯಾರ ಹತ್ತಿರ ಇದ್ದನೋ ಅವರಿಗೆಲ್ಲ. ಲೆಕ್ಕ ಹೀಗಿದೆ: 12ರಿಂದ 15ರ ತನಕ ವರ್ಷಕ್ಕೆ ಫೀಯ ಕಾಲು ಶೇಕಡ, 16ರಿಂದ 23ರ ತನಕ ವರ್ಷಕ್ಕೆ ಅರ್ಧ ಶೇಕಡ. ನಾಲ್ಕು ಕಾಲು ಸೇರಿ ಒಂದು, ಎಂಟು ಅರ್ಧ ಸೇರಿ ನಾಲ್ಕು, ಒಟ್ಟು ಐದು.

5.8 ಕೋಟಿಗೆ ಹಾಕಿ ನೋಡಿ. 5 ಶೇಕಡ ಅಂದರೆ 29 ಲಕ್ಷ ಯೂರೋ. 16 ದಾಟಿದ ಮೇಲೆ ಅವನನ್ನು ಒಂದು ವರ್ಷ ಇಟ್ಟುಕೊಂಡಿದ್ದ ಕ್ಲಬ್ಬಿಗೆ 2.9 ಲಕ್ಷ ಯೂರೋ. ಗಿಮರೈಸ್‌ನಲ್ಲಿ ಅವನು ಪೂರ್ತಿ ಆಡಿದ ಎರಡು ಸೀಸನ್‌ಗೆ ಈ ಲೆಕ್ಕದ ಪ್ರಕಾರ 5.8 ಲಕ್ಷ. ಅವಾಯ್‌ನಂಥ ಕ್ಲಬ್ಬಿಗೂ ಪಾಲುಂಟು. ಬಾರ್ಸಿಲೋನಾದವರಿಗೆ ಇದು ಚಿಲ್ಲರೆ. ಹುಡುಗರಿಗೆ ಬೂಟು, ಊಟ, ಬಸ್ಸಿನ ಖರ್ಚು ನೋಡಿಕೊಳ್ಳುವ ಸಣ್ಣ ಕ್ಲಬ್ಬಿಗೆ ಅದರಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಮಾರಿದ ಮೇಲೆ ಮರೆತು ಬಿಡುವ ವ್ಯಾಪಾರದಲ್ಲಿ, ಆರು ವರ್ಷದ ಹಿಂದೆ ಬಿಟ್ಟುಹೋದ ಹುಡುಗನಿಂದ ದಿಢೀರನೆ ದುಡ್ಡು ಬರುವುದು! ಇಡೀ ಟ್ರಾನ್ಸ್‌ಫರ್ ಪುಸ್ತಕದಲ್ಲಿ ಇದಕ್ಕಿಂತ ನ್ಯಾಯವಾದ ಪುಟ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ.

ತೊಂದರೆ ಏನೆಂದರೆ ಬಹಳ ಕಾಲ ಈ ಹಣ ತಾನಾಗಿ ಬರುತ್ತಿರಲಿಲ್ಲ. ಸಣ್ಣ ಕ್ಲಬ್‌ಗಳು ತಾವೇ ಲೆಕ್ಕ ಇಟ್ಟು, ದಾಖಲೆ ಒದಗಿಸಿ, ದೊಡ್ಡವರ ಬಾಗಿಲಿಗೆ ಅಲೆಯಬೇಕಿತ್ತು. 2022ರ ನವೆಂಬರ್‌ನಿಂದ ಫಿಫಾ ಪ್ಯಾರಿಸ್‌ನಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ನಡೆಸುತ್ತಿದೆ. ಹಣ ಅದರ ಮೂಲಕವೇ ಹೋಗುತ್ತದೆ. ರಫಿನ್ಯಾನ ಟ್ರಾನ್ಸ್‌ಫರ್ ಅದಕ್ಕೆ ನಾಲ್ಕು ತಿಂಗಳು ಮೊದಲೇ ಆಗಿಹೋಗಿತ್ತು.

ಇದರ ಪಕ್ಕದಲ್ಲೇ ಇನ್ನೊಂದಿದೆ, ತರಬೇತಿ ಪರಿಹಾರ. ಹುಡುಗ ಮೊದಲ ಸಲ ವೃತ್ತಿಪರನಾಗಿ ಸಹಿ ಹಾಕಿದಾಗ, ಆಮೇಲೆ 23ರ ತನಕ ದೇಶ ಬದಲಿಸಿದಾಗ, ಬೆಳೆಸಿದ ಖರ್ಚನ್ನು ಹೊಸ ಕ್ಲಬ್ ಕೊಡಬೇಕು. ಕ್ಲಬ್ಬಿನ ದರ್ಜೆ ನೋಡಿ ದರ. ಯುರೋಪಿನ ಮೊದಲ ದರ್ಜೆಗೆ ವರ್ಷಕ್ಕೆ 90,000 ಯೂರೋ, ಕೊನೆಯ ದರ್ಜೆಗೆ 10,000. ಬ್ರೆಜಿಲ್‌ನಲ್ಲಿ ಇನ್ನೊಂದು ಬಗೆಯ ಪಾಲೂ ಇತ್ತು. ಹೊರಗಿನ ಹೂಡಿಕೆದಾರರು ಆಟಗಾರನಲ್ಲಿ 30, 40 ಶೇಕಡ ಎಂದು ಷೇರಿನ ಹಾಗೆ ಕೊಂಡುಕೊಳ್ಳುತ್ತಿದ್ದರು. ನೇಮಾರ್ ಬಾರ್ಸಿಲೋನಾಗೆ ಹೋದಾಗ ಅಂಥ ಪಾಲುದಾರ ಕಂಪನಿಯೊಂದು ಕೋರ್ಟು ಹತ್ತಿ ವರ್ಷಗಟ್ಟಲೆ ಜಗ್ಗಾಡಿತು. 2015ರ ಮೇನಿಂದ ಫಿಫಾ ಅದನ್ನು ನಿಷೇಧಿಸಿದೆ. ಮನುಷ್ಯನನ್ನು ಸೈಟಿನ ಹಾಗೆ ಭಾಗ ಮಾಡಿ ಮಾರುವುದು ನಿಂತದ್ದು ಒಳ್ಳೆಯದೇ ಆಯಿತು.

ಮತ್ತೆ 2022ರ ಬಾರ್ಸಿಲೋನಾಗೆ. ಆಗ ಕ್ಲಬ್ಬಿನ ಸ್ಥಿತಿ ಹೇಗಿತ್ತೆಂದರೆ, ಆಟಗಾರನನ್ನು ಕೊಂಡಾಗಿತ್ತು, ಜರ್ಸಿ ಹಾಕಿಸಿ ಫೋಟೋ ಹಿಡಿದಾಗಿತ್ತು, ಆದರೆ ಲೀಗಿನಲ್ಲಿ ಹೆಸರು ನೋಂದಾಯಿಸಲು ಆಗುತ್ತಿರಲಿಲ್ಲ. ಸ್ಪೇನ್‌ನ ಲೀಗ್ ಪ್ರತಿ ಕ್ಲಬ್ಬಿಗೂ ಒಂದು ಮಿತಿ ಹಾಕುತ್ತದೆ. ನಿನ್ನ ಆದಾಯ ಇಷ್ಟು, ಸಾಲ ಇಷ್ಟು, ಆದ್ದರಿಂದ ಆಟಗಾರರ ಮೇಲೆ ಇಷ್ಟೇ ಖರ್ಚು ಮಾಡು ಎಂದು. ಆ ಖರ್ಚಿನಲ್ಲಿ ಸಂಬಳದ ಜೊತೆ ಟ್ರಾನ್ಸ್‌ಫರ್ ಫೀಯ ವರ್ಷದ ಕಂತೂ ಸೇರುತ್ತದೆ. 5.8 ಕೋಟಿಯನ್ನು ಲೆಕ್ಕಪುಸ್ತಕದಲ್ಲಿ ಒಂದೇ ವರ್ಷ ಬರೆಯುವುದಿಲ್ಲ. ಐದು ವರ್ಷದ ಕರಾರಾದರೆ ವರ್ಷಕ್ಕೆ 1.16 ಕೋಟಿಯಂತೆ ಹರಡುತ್ತಾರೆ. ಅಂಗಡಿಯವನು ಹೊಸ ಮಷೀನು ತಂದು ಅದರ ಬೆಲೆಯನ್ನು ವರ್ಷ ವರ್ಷ ಸವಕಳಿ ಎಂದು ಬರೆಯುತ್ತಾನಲ್ಲ, ಅದೇ ಲೆಕ್ಕ. ಚೆಲ್ಸಿಯವರು ಇದೇ ತಂತ್ರ ಹಿಡಿದು ಏಳೆಂಟು ವರ್ಷದ ಕರಾರು ಬರೆಯತೊಡಗಿದ ಮೇಲೆ, 2023ರಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಎಫಾ ಐದು ವರ್ಷಕ್ಕಿಂತ ಹೆಚ್ಚು ಹರಡಬಾರದು ಎಂದು ಬಾಗಿಲು ಹಾಕಿತು.

ಮಿತಿ ಮೀರಿದ್ದ ಬಾರ್ಸಿಲೋನಾ ಮನೆಯ ಸಾಮಾನು ಮಾರಲು ಹೊರಟಿತು. ಅಲ್ಲಿನ ಪತ್ರಿಕೆಗಳು ಇದನ್ನು 'ಪಲಾಂಕಾ' ಎಂದವು, ಅಂದರೆ ಹಾರೆಕೋಲು, ಭಾರ ಎತ್ತುವ ಸನ್ನೆ. ಮುಂದಿನ 25 ವರ್ಷಗಳ ಲೀಗ್ ಟಿವಿ ಹಣದಲ್ಲಿ ಕಾಲು ಭಾಗ ಮಾರಿದರು. ತಮ್ಮದೇ ಸ್ಟುಡಿಯೋ ಕಂಪನಿಯ ಅರ್ಧದಷ್ಟು ಎರಡು ಸಲವಾಗಿ ಮಾರಿದರು. ತಮ್ಮ ಮೊದಲ ಲೀಗ್ ಪಂದ್ಯದ ಹಿಂದಿನ ದಿನ, ಆಗಸ್ಟ್ 12ರಂದು, ಕೊನೆಯ ಹಾರೆಕೋಲು ಹಾಕಿದ ಮೇಲೆ ರಫಿನ್ಯಾನ ಹೆಸರು ನೋಂದಣಿಯಾಯಿತು. ಮಗಳ ಮದುವೆಗೆ ಮುಂದಿನ ಫಸಲನ್ನೆಲ್ಲ ಅಡವಿಟ್ಟ ಹಾಗೆ ಎಂದು ನನಗೆ ಆಗ ಅನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತದೆ, ಕಪ್ ಗೆದ್ದರೂ.

ಹಣದ ಸಮಸ್ಯೆ ಇತ್ತು, ಆದರೆ ಇನ್ನೊಂದು ಸಮಸ್ಯೆ ಇರಲಿಲ್ಲ. ಯೂನಿಯನ್‌ನ ಹೊರಗಿನವರ ಮೂರು ಕುರ್ಚಿಯಲ್ಲಿ ಅವನಿಗೆ ಒಂದು ಬೇಕಿರಲಿಲ್ಲ. ತಡವಾಗಿ ಬಂದ ಆ ಇಟಲಿಯ ಪಾಸ್‌ಪೋರ್ಟ್ ಇಲ್ಲಿ ಕೆಲಸಕ್ಕೆ ಬಂತು. ದೇಶದ ತಂಡಕ್ಕೆ ಬ್ರೆಜಿಲ್, ಕೆಲಸಕ್ಕೆ ಇಟಲಿ. ಎರಡೂ ಒಟ್ಟಿಗೆ ಇರಬಹುದು. ಇಟಲಿಯ ಪೂರ್ವಜರು ಇಲ್ಲದವರು ಏನು ಮಾಡುತ್ತಾರೆ? ಅವರಿಗೆ ಸ್ಪೇನ್‌ನಲ್ಲೇ ಬೇರೆ ದಾರಿ ಇದೆ. ಲ್ಯಾಟಿನ್ ಅಮೆರಿಕದವರು ಅಲ್ಲಿ ಎರಡು ವರ್ಷ ಕಾನೂನುಬದ್ಧವಾಗಿ ವಾಸವಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಹಳೆಯ ವಸಾಹತುಗಳ ನಂಟು ಅದಕ್ಕೆ ಕಾರಣ. ಬ್ರೆಜಿಲ್‌ಗೂ ಅದು ಅನ್ವಯಿಸುತ್ತದೆ. ನಮ್ಮ ದೇಶದವರಾದರೆ ಸಾಮಾನ್ಯವಾಗಿ ಹತ್ತು ವರ್ಷ ಕಾಯಬೇಕು. ವಿನಿಸಿಯಸ್ 2022ರಲ್ಲಿ ಸ್ಪೇನ್ ಪ್ರಜೆಯಾದಾಗ ರಿಯಲ್ ಮ್ಯಾಡ್ರಿಡ್‌ನವರಿಗೆ ಒಂದು ಕುರ್ಚಿ ಖಾಲಿಯಾಯಿತು.

ಬ್ರೆಜಿಲ್ ಜರ್ಸಿ ಕೂಡ ಕಾಗದಪತ್ರದಲ್ಲಿ ಒಮ್ಮೆ ಸಿಕ್ಕಿಬಿದ್ದಿತ್ತು. ಮೊದಲ ಕರೆ ಬಂದದ್ದು ಅಕ್ಟೋಬರ್‌ಗೆ ಅಲ್ಲ, 2021ರ ಸೆಪ್ಟೆಂಬರ್‌ಗೆ. ಆಗ ಕೋವಿಡ್. ಬ್ರೆಜಿಲ್ ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿತ್ತು, ಹೋಗಿ ಬಂದವರು ಹೋಟೆಲಿನಲ್ಲಿ ಹತ್ತು ದಿನ ಕ್ವಾರಂಟೈನ್. ಇಂಗ್ಲೆಂಡಿನ ಕ್ಲಬ್‌ಗಳು ಬ್ರೆಜಿಲ್ ತಂಡಕ್ಕೆ ಯಾರನ್ನೂ ಬಿಡಲಿಲ್ಲ. ಒಂದು ತಿಂಗಳು ಕಾದು ಹೋದವನು ಉರುಗ್ವೆ ವಿರುದ್ಧ ಮನೌಸ್‌ನಲ್ಲಿ ಎರಡು ಗೋಲು ಹೊಡೆದ.

ಬಾರ್ಸಿಲೋನಾದಲ್ಲಿ ಮೊದಲೆರಡು ವರ್ಷ ಅಷ್ಟಕ್ಕಷ್ಟೆ. ಚೆನ್ನಾಗಿ ಆಡುತ್ತಿದ್ದ, ಆದರೆ ಒಂದು ಗಂಟೆ ಆಗುವಷ್ಟರಲ್ಲಿ ಬದಲಿ ಆಟಗಾರನ ಬೋರ್ಡು ಮೇಲೇಳುತ್ತಿತ್ತು. 2024ರ ಬೇಸಿಗೆಯಲ್ಲಿ ಅವನ ಜಾಗಕ್ಕೆ ಬೇರೆಯವರನ್ನು ತರುವ ಮಾತು ಬಹಿರಂಗವಾಗಿಯೇ ನಡೆಯಿತು. ಬಿಟ್ಟುಹೋಗುವ ಯೋಚನೆಯೂ ಇತ್ತು, ಹೊಸ ಕೋಚ್ ಹಾನ್ಸಿ ಫ್ಲಿಕ್ ಮಾತಾಡಿ ತಡೆದ ಎಂದು ಅವನೇ ಹೇಳಿದ್ದಾನೆ. ಮುಂದಿನ ಸೀಸನ್ನಿನಲ್ಲಿ 57 ಪಂದ್ಯಗಳಲ್ಲಿ 34 ಗೋಲು. ಅಕ್ಟೋಬರ್‌ನಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಹ್ಯಾಟ್ರಿಕ್. ಚಾಂಪಿಯನ್ಸ್ ಲೀಗಿನಲ್ಲಿ 13 ಗೋಲು, ಡಾರ್ಟ್‌ಮಂಡ್‌ನ ಗಿರಾಸಿ ಜೊತೆ ಸಮನಾಗಿ ಎಲ್ಲರಿಗಿಂತ ಹೆಚ್ಚು. ಲೀಗ್, ಕೋಪಾ ಡೆಲ್ ರೇ, ಸೂಪರ್ ಕಪ್ ಮೂರೂ ಬಂದವು. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡೋರ್ ಪ್ರಶಸ್ತಿಯ ಪಟ್ಟಿಯಲ್ಲಿ ಐದನೇ ಸ್ಥಾನ ಕೊಟ್ಟರು. ಅದು ಕಡಿಮೆಯಾಯಿತು ಎಂದು ಜಗಳಕ್ಕೆ ನಿಲ್ಲುವವರಲ್ಲಿ ನಾನೂ ಒಬ್ಬ.

2025ರ ಮೇನಲ್ಲಿ ಅವನ ಕರಾರು 2028ರ ತನಕ ಮುಂದುವರಿಯಿತು. ಆಗ ಮೇಜಿನ ಆಚೆ, ಬಾರ್ಸಿಲೋನಾದ ಕಡೆ, ಕ್ರೀಡಾ ನಿರ್ದೇಶಕನಾಗಿದ್ದವನು ಯಾರು ಗೊತ್ತಾ? ಡೆಕೊ. ಅವಾಯ್‌ನ ಹುಡುಗನನ್ನು ಪೋರ್ಚುಗಲ್‌ಗೆ ಕರೆತಂದಾಗ ಮೇಜಿನ ಈಚೆ ಕೂತಿದ್ದ ಅದೇ ಮನುಷ್ಯ.

ಆ ಪಾಸ್‌ಪೋರ್ಟಿನ ಬಗ್ಗೆ ಒಂದು ಮಾತು ಬಾಕಿ ಇದೆ. ಇಟಲಿಯ ಕಾನೂನು ರಕ್ತಸಂಬಂಧಕ್ಕೆ ತಲೆಮಾರಿನ ಮಿತಿ ಇಟ್ಟಿರಲಿಲ್ಲ. ಮುತ್ತಜ್ಜನ ತಂದೆ ಇಟಲಿಯವನಾಗಿದ್ದು, ಕಾಗದ ಸರಿಯಾಗಿದ್ದರೂ ಪೌರತ್ವ ಕೇಳಬಹುದಿತ್ತು. ಬ್ರೆಜಿಲ್‌ನಿಂದ ಬಂದ ಅರ್ಜಿಗಳ ರಾಶಿ ಎಷ್ಟಾಯಿತೆಂದರೆ ಇಟಲಿ ಸರ್ಕಾರ 2025ರ ಮಾರ್ಚ್‌ನಲ್ಲಿ ಕಾನೂನನ್ನೇ ಬಿಗಿ ಮಾಡಿತು, ಮೇ ತಿಂಗಳಲ್ಲಿ ಸಂಸತ್ತೂ ಒಪ್ಪಿತು. ಈಗ ಹೊರದೇಶದಲ್ಲಿ ಹುಟ್ಟಿದವರಿಗೆ ಹೆಚ್ಚುಕಡಿಮೆ ಅಪ್ಪ ಅಮ್ಮ, ಅಜ್ಜ ಅಜ್ಜಿಯ ತನಕ ಮಾತ್ರ. 1870ರ ದಶಕದಲ್ಲಿ ಹಡಗು ಹತ್ತಿದವನ ಹೆಸರು ಹೇಳಿಕೊಂಡು ಬರುವ ರಿಯೊ ಗ್ರಾಂಡೆ ಡೊ ಸುಲ್‌ನ ಮುಂದಿನ ವಿಂಗರ್, ಸ್ಪೇನ್‌ಗೆ ಬಂದರೆ ಆ ಮೂರು ಕುರ್ಚಿಗಳ ಸಾಲಿನಲ್ಲೇ ನಿಲ್ಲಬೇಕು.